ತಾಲ್ಲೂಕು ಡಯಾಲಿಸಿಸ್ ಘಟಕಕ್ಕೊಂದು ರೋಗಿಗಳ ರಿಜಿಸ್ಟ್ರಿ: ಶುರು ಮಾಡುವುದು ಹೇಗೆ, ಅದರಿಂದ ಕೆಲಸ ತೆಗೆಯುವುದು ಹೇಗೆ

ಮದ್ದೂರು, ನಂಜನಗೂಡು, ಕೆ.ಆರ್. ಪೇಟೆ ಕಡೆ ಡಯಾಲಿಸಿಸ್ ಘಟಕಗಳಲ್ಲಿ ಇರುವ ಸಿಸ್ಟರ್‌ಗಳು, ಟೆಕ್ನಿಷಿಯನ್‌ಗಳು ಪದೇ ಪದೇ ಕೇಳುವ ಪ್ರಶ್ನೆ ಒಂದೇ. “ಆಗಲೇ ನಾಲ್ಕೈದು ರಿಜಿಸ್ಟರ್ ಬರೀತಾ ಇದ್ದೀವಿ. ಈಗ ರಿಜಿಸ್ಟ್ರಿ ಅಂತ ಇನ್ನೊಂದು ಯಾಕೆ? ಮಾಡಿದ್ರೂ ಪೇಷೆಂಟ್‌ಗೆ ಏನು ಸಿಗುತ್ತೆ?” ನ್ಯಾಯವಾದ ಪ್ರಶ್ನೆಯೇ. ಬರೆದು ಬೀರುವಿಗೆ ಸೇರಿಸುವ ಪುಸ್ತಕ ಇನ್ನೊಂದು ಯಾರಿಗೂ ಬೇಡ.

ಈಗಿರುವ ಪುಸ್ತಕಗಳು ದಿನದ ಲೆಕ್ಕದವು. ಇವತ್ತು ಎಷ್ಟು ಜನ ಬಂದರು, ಯಾವ ಮೆಷಿನ್‌ನಲ್ಲಿ ಕೂತರು, ಎಷ್ಟು ಡಯಲೈಸರ್ (ರಕ್ತ ಸೋಸುವ ಫಿಲ್ಟರ್) ಖರ್ಚಾಯಿತು ಎಂಬುದು ಅದರಲ್ಲಿ ಸಿಗುತ್ತದೆ. ಆದರೆ ಒಬ್ಬ ರೋಗಿ ಮೊದಲ ಡಯಾಲಿಸಿಸ್ ಮಾಡಿಸಿಕೊಂಡ ದಿನದಿಂದ ಇವತ್ತಿನವರೆಗೆ ಹೇಗಿದ್ದಾರೆ ಎಂದು ನೋಡಬೇಕಾದರೆ ಹತ್ತು ಪುಸ್ತಕ ತಿರುವಬೇಕು. ರಿಜಿಸ್ಟ್ರಿ ಅಂದರೆ ಒಬ್ಬರಿಗೆ ಒಂದು ಸಾಲು. ಎಲ್ಲರಿಗೂ ಅವೇ ಪ್ರಶ್ನೆ, ಒಂದೇ ಅಳತೆ, ಯಾರನ್ನೂ ಬಿಡದೆ. ನಮ್ಮ ಊರಿನ ಹಾಲಿನ ಡೈರಿಯ ಲೆಕ್ಕದ ಹಾಗೆ: ಪ್ರತಿ ಸದಸ್ಯನಿಗೂ ಒಂದು ನಂಬರ್, ದಿನಾ ಲೀಟರ್ ಎಷ್ಟು, ಫ್ಯಾಟ್ ಎಷ್ಟು. ಫ್ಯಾಟ್ ಇಳಿದರೆ ಯಾರ ಮನೆಯ ಹಾಲು ಎಂದು ಅಲ್ಲೇ ಗೊತ್ತಾಗುತ್ತದೆ.

ಇದು ಹೊಸ ವಿಷಯವೂ ಅಲ್ಲ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ನವರು ಸೇರಿ 1977ರಿಂದ ಡಯಾಲಿಸಿಸ್ ಮತ್ತು ಕಿಡ್ನಿ ಕಸಿ ರೋಗಿಗಳ ರಿಜಿಸ್ಟ್ರಿ ನಡೆಸುತ್ತಿದ್ದಾರೆ. ಅಲ್ಲಿ ಪ್ರತಿ ಆಸ್ಪತ್ರೆಗೂ ಅದರ ಅಂಕಿಗಳು ಬೇರೆಯವರ ಪಕ್ಕದಲ್ಲಿಟ್ಟು ವಾಪಸ್ ಬರುತ್ತವೆ. ಅಮೆರಿಕದಲ್ಲಿ 2003ರಲ್ಲಿ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯಲ್ಲಿ ಸರ್ಜರಿ ಮಾಡಿ ಸಿದ್ಧಪಡಿಸುವ ರಕ್ತನಾಳ) ಹೆಚ್ಚಿಸುವ ಆಂದೋಲನ ಶುರುವಾದಾಗ ಸುಮಾರು ಮೂರನೇ ಒಂದು ಭಾಗ ರೋಗಿಗಳಿಗೆ ಮಾತ್ರ ಫಿಸ್ಟುಲಾ ಇತ್ತು. ಹತ್ತು ವರ್ಷದೊಳಗೆ ಅದು ಶೇ. 60 ದಾಟಿತು. ಲೆಕ್ಕವನ್ನು ತಿಂಗಳು ತಿಂಗಳೂ ಎದುರಿಗಿಟ್ಟುಕೊಂಡದ್ದೂ ಅದಕ್ಕೆ ಒಂದು ಕಾರಣ. ನಮ್ಮ ದೇಶದಲ್ಲೂ 2005ರಲ್ಲಿ ಕಿಡ್ನಿ ವೈದ್ಯರ ಸಂಘ ಒಂದು ರಿಜಿಸ್ಟ್ರಿ ಶುರು ಮಾಡಿತು. 2012ರಲ್ಲಿ ಅದರ ವರದಿ ಬಂದಾಗ 52,273 ರೋಗಿಗಳ ಮಾಹಿತಿ ಇತ್ತು. ಅವರಲ್ಲಿ ಶೇ. 31 ಜನರಿಗೆ ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟಿತ್ತು. ಶೇ. 16 ಜನರಿಗೆ ಕಾರಣವೇ ಗೊತ್ತಾಗಿರಲಿಲ್ಲ.

ನಿಮ್ಮ ಘಟಕಕ್ಕೆ ಇಷ್ಟು ದೊಡ್ಡದು ಬೇಕಿಲ್ಲ. ಒಂದು ಕಂಪ್ಯೂಟರ್, ಪಾಸ್‌ವರ್ಡ್ ಹಾಕಿದ ಒಂದು ಎಕ್ಸೆಲ್ ಫೈಲ್, ಆಸ್ಪತ್ರೆಯ ಮುಖ್ಯ ವೈದ್ಯಾಧಿಕಾರಿಯ ಲಿಖಿತ ಒಪ್ಪಿಗೆ, ದಿನಕ್ಕೆ ಅರ್ಧ ಗಂಟೆ ಕೊಡುವ ಒಬ್ಬರು ಮತ್ತು ಅವರು ರಜೆ ಹಾಕಿದಾಗ ನೋಡಿಕೊಳ್ಳಲು ಇನ್ನೊಬ್ಬರು ಇದ್ದರೆ ಸಾಕು. ಸಾಫ್ಟ್‌ವೇರ್ ಕೊಳ್ಳುವ ಯೋಚನೆಯನ್ನು ಆರು ತಿಂಗಳು ಪಕ್ಕಕ್ಕಿಡಿ. ಎಕ್ಸೆಲ್‌ನಲ್ಲಿ ತುಂಬದ ಕಾಲಂ ಸಾಫ್ಟ್‌ವೇರ್‌ನಲ್ಲೂ ತುಂಬುವುದಿಲ್ಲ.

1. ಮೊದಲು ಪ್ರಶ್ನೆ, ಆಮೇಲೆ ಕಾಲಂ

ಎಲ್ಲರೂ ಎಡವುವುದು ಇಲ್ಲೇ. ಉತ್ಸಾಹದಲ್ಲಿ ಎಂಬತ್ತು ಕಾಲಂ ಹಾಕುತ್ತಾರೆ. ಎರಡನೇ ತಿಂಗಳಿಗೆ ಅರ್ಧ ಖಾಲಿ, ನಾಲ್ಕನೇ ತಿಂಗಳಿಗೆ ಫೈಲ್ ತೆಗೆಯುವವರೇ ಇಲ್ಲ.

“ಈ ಅಂಕಿ ಕೆಟ್ಟದಾಗಿ ಬಂದರೆ ನಾಳೆ ನಾವು ಏನಾದರೂ ಬದಲಾಯಿಸಲು ಆಗುತ್ತದಾ?” ಎಂದು ಕೇಳಿಕೊಳ್ಳಿ. ಆಗುವುದಿಲ್ಲ ಅಂದರೆ ಆ ಕಾಲಂ ಬೇಡ. ಮೊದಲ ವರ್ಷಕ್ಕೆ ನಾನು ಹೇಳುವುದು ಈ ಐದು ಪ್ರಶ್ನೆ: ಎಷ್ಟು ಜನ ಇನ್ನೂ ಕತ್ತಿನ ಕ್ಯಾಥೆಟರ್‌ನಲ್ಲಿದ್ದಾರೆ (ಕತ್ತಿನ ರಕ್ತನಾಳಕ್ಕೆ ಹಾಕುವ ಪೈಪ್)? ಡಯಾಲಿಸಿಸ್ ಸಾಕಷ್ಟು ಆಗುತ್ತಿದೆಯಾ? ಹಿಮೋಗ್ಲೋಬಿನ್ ಎಷ್ಟಿದೆ? ಹೆಪಟೈಟಿಸ್ ಬಿ ಲಸಿಕೆ ಪೂರ್ತಿ ಆಗಿದೆಯಾ? ಯಾರು ಬರುವುದನ್ನು ತಪ್ಪಿಸುತ್ತಿದ್ದಾರೆ, ಯಾರು ಬರುವುದನ್ನೇ ಬಿಟ್ಟರು?

ಕೊನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಪ್ರಕಾರ ರಿಜಿಸ್ಟ್ರಿಯ ಅರ್ಧ ಬೆಲೆ ಅದರಲ್ಲೇ ಇದೆ. ಮುಂದೆ ಹೇಳುತ್ತೇನೆ.

2. ಯಾರನ್ನು ಸೇರಿಸಬೇಕು

ನಿಮ್ಮ ಘಟಕದಲ್ಲಿ ಒಂದೇ ಒಂದು ಸಲ ಡಯಾಲಿಸಿಸ್ ಆದವರೂ ಸೇರಬೇಕು. “ರೆಗ್ಯುಲರ್ ಪೇಷೆಂಟ್ ಮಾತ್ರ ಹಾಕೋಣ” ಅಂದರೆ ಮೊದಲ ತಿಂಗಳಲ್ಲೇ ತೀರಿಕೊಂಡವರು, ದುಡ್ಡಿಲ್ಲದೆ ಊರಿಗೆ ಹೋದವರು ಲೆಕ್ಕಕ್ಕೇ ಸಿಗುವುದಿಲ್ಲ. ಉಳಿದು ಗಟ್ಟಿಯಾದವರನ್ನು ಮಾತ್ರ ನೋಡಿ ನಮ್ಮ ಚಿಕಿತ್ಸೆ ಚೆನ್ನಾಗಿದೆ ಅಂದುಕೊಳ್ಳುತ್ತೇವೆ.

ಆದರೆ ಎರಡು ಗುಂಪು ಬೇರೆ ಮಾಡಿ. ನಮ್ಮ ಕಡೆ ಗದ್ದೆಯಲ್ಲಿ, ಕಬ್ಬಿನ ತೋಟದಲ್ಲಿ ಮಂಡಲದ ಹಾವು ಕಚ್ಚಿ ಕಿಡ್ನಿ ಇದ್ದಕ್ಕಿದ್ದಂತೆ ನಿಂತವರು ಬರುತ್ತಾರೆ. ಇಲಿಜ್ವರ, ಜೋರು ವಾಂತಿಭೇದಿ ಆಗಿ ಬರುವವರೂ ಇದ್ದಾರೆ. ಇವರಲ್ಲಿ ಬಹಳಷ್ಟು ಜನರ ಕಿಡ್ನಿ ಕೆಲವು ವಾರಗಳಲ್ಲಿ ಮತ್ತೆ ಕೆಲಸ ಶುರು ಮಾಡಬಹುದು. ಇವರಿಗೆ ‘ತಾತ್ಕಾಲಿಕ’ ಎಂದು ಗುರುತು ಹಾಕಿ. 90 ದಿನ ಕಳೆದರೂ ಡಯಾಲಿಸಿಸ್ ಬೇಕೇ ಬೇಕು ಅಂತಾದರೆ ‘ದೀರ್ಘಕಾಲದ’ ಗುಂಪಿಗೆ ತನ್ನಿ. ಆಗಲೂ ಮೊದಲ ಡಯಾಲಿಸಿಸ್ ದಿನಾಂಕವನ್ನು ಬದಲಾಯಿಸಬೇಡಿ.

3. ಒಬ್ಬರಿಗೆ ಒಂದೇ ಸಾಲು: ಹೆಸರಿನ ತಲೆನೋವು

ಮಂಡ್ಯ ಜಿಲ್ಲೆಯ ಯಾವುದೇ ಘಟಕದಲ್ಲಿ ಇಬ್ಬರು ಪುಟ್ಟಸ್ವಾಮಿ, ಮೂವರು ಜಯಮ್ಮ ಇರುವುದು ಮಾಮೂಲು. ನಿಂಗೇಗೌಡ ಒಂದು ಕಡೆ ಲಿಂಗೇಗೌಡ ಆಗಿರುತ್ತಾರೆ. ಆಧಾರ್‌ನಲ್ಲಿ ಒಂದು ಸ್ಪೆಲ್ಲಿಂಗ್, ಬಿಪಿಎಲ್ ಕಾರ್ಡಲ್ಲಿ ಇನ್ನೊಂದು. ಲ್ಯಾಬ್ ರಿಪೋರ್ಟ್‌ನಲ್ಲಿ ಬರೀ ‘ಜಯಮ್ಮ, 55’. ಒಬ್ಬರ ಹಿಮೋಗ್ಲೋಬಿನ್ ಇನ್ನೊಬ್ಬರ ಸಾಲಿಗೆ ಹೋದರೆ ಕಬ್ಬಿಣದ ಇಂಜೆಕ್ಷನ್ ಕೂಡ ಅವರಿಗೇ ಹೋಗುತ್ತದೆ.

ಅದಕ್ಕೆ ನಿಮ್ಮದೇ ಒಂದು ರಿಜಿಸ್ಟ್ರಿ ನಂಬರ್ ಕೊಡಿ: 001, 002 ಹೀಗೆ. ಒಮ್ಮೆ ಕೊಟ್ಟ ನಂಬರ್ ಆ ವ್ಯಕ್ತಿ ತೀರಿಕೊಂಡರೂ ಇನ್ನೊಬ್ಬರಿಗೆ ಕೊಡಬಾರದು. ಅದನ್ನು ಕೇಸ್ ಶೀಟ್ ಮೇಲೂ, ಲ್ಯಾಬ್‌ಗೆ ಹೋಗುವ ಟ್ಯೂಬ್ ಮೇಲೂ ಬರೆಯಿರಿ. ಸರ್ಕಾರದ ಆರೋಗ್ಯ ಗುರುತಿನ ನಂಬರ್, ಅಂದರೆ 14 ಅಂಕಿಯ ಆಭಾ ಸಂಖ್ಯೆ ಇದ್ದರೆ ಪಕ್ಕದ ಕಾಲಂನಲ್ಲಿ ಹಾಕಿ. ಬೇರೆ ಆಸ್ಪತ್ರೆಗೆ ಹೋದಾಗ ಹಳೆಯ ದಾಖಲೆ ಜೋಡಿಸಲು ಅನುಕೂಲ. ಇಲ್ಲ ಅಂತ ಯಾರನ್ನೂ ಹೊರಗಿಡಬೇಡಿ. ವಯಸ್ಸಿನ ಬದಲು ಹುಟ್ಟಿದ ವರ್ಷ ಬರೆಯಿರಿ. ವಯಸ್ಸು ವರ್ಷ ವರ್ಷ ಬದಲಾಗುತ್ತದೆ, ಯಾರೂ ತಿದ್ದುವುದಿಲ್ಲ.

ಎರಡು ಫೋನ್ ನಂಬರ್ ತಗೊಳ್ಳಿ: ರೋಗಿಯದು ಒಂದು, ಮಗನದೋ ಪಕ್ಕದ ಮನೆಯವರದೋ ಇನ್ನೊಂದು. ಊರಿನ ಆಶಾ ಕಾರ್ಯಕರ್ತೆ ಯಾರು ಎಂದೂ ಬರೆದಿಡಿ.

4. ಕಾಲಂಗಳು ಮತ್ತು ಅವುಗಳ ನಿಯಮ

ಬದಲಾಗದ ವಿವರಗಳಿಗೆ ಒಂದು ಹಾಳೆ, ತಿಂಗಳು ತಿಂಗಳು ಬದಲಾಗುವುದಕ್ಕೆ ಇನ್ನೊಂದು. ಮೊದಲ ಹಾಳೆಯಲ್ಲಿ ನಂಬರ್, ಹುಟ್ಟಿದ ವರ್ಷ, ತಾಲ್ಲೂಕು, ಮೊದಲ ಡಯಾಲಿಸಿಸ್ ದಿನಾಂಕ, ಕಿಡ್ನಿ ಕೆಡಲು ಕಾರಣ, ಫಿಸ್ಟುಲಾ ಸರ್ಜರಿಯ ದಿನಾಂಕ, ಫಿಸ್ಟುಲಾಗೆ ಮೊದಲ ಸಲ ಸೂಜಿ ಹಾಕಿದ ದಿನಾಂಕ, ಲಸಿಕೆಯ ದಿನಾಂಕಗಳು, ಬರುವುದನ್ನು ನಿಲ್ಲಿಸಿದ ದಿನಾಂಕ ಮತ್ತು ಅದರ ಕಾರಣ. ಎರಡನೆಯದರಲ್ಲಿ ಆ ತಿಂಗಳು ಬರಬೇಕಿದ್ದ ಸರದಿ ಎಷ್ಟು, ಬಂದದ್ದು ಎಷ್ಟು, ಕ್ಯಾಥೆಟರ್ ಇದ್ದ ದಿನಗಳು, ಹಿಮೋಗ್ಲೋಬಿನ್, ಯೂರಿಯಾ (ಕಿಡ್ನಿ ಹೊರಹಾಕಬೇಕಾದ ರಕ್ತದ ಕಸ) ಡಯಾಲಿಸಿಸ್‌ಗೆ ಮುಂಚೆ ಮತ್ತು ನಂತರ, ತೂಕ, ಸೋಂಕು, ಆಸ್ಪತ್ರೆ ದಾಖಲಾತಿ.

ಪ್ರತಿ ಕಾಲಂಗೂ ಒಂದು ಸಾಲಿನ ನಿಯಮ ಬರೆದು ಕಂಪ್ಯೂಟರ್ ಪಕ್ಕದಲ್ಲಿ ಅಂಟಿಸಿ. ‘ಹಿಮೋಗ್ಲೋಬಿನ್: ತಿಂಗಳ ಮೊದಲ ವಾರದ, ಡಯಾಲಿಸಿಸ್‌ಗೆ ಮುಂಚೆ ತೆಗೆದ ರಕ್ತದ್ದು’ ಎನ್ನುವ ಹಾಗೆ. ಇಲ್ಲದಿದ್ದರೆ ಬೆಳಗಿನ ಶಿಫ್ಟಿನವರು ಮುಂಚೆ ತೆಗೆದದ್ದು ಬರೆಯುತ್ತಾರೆ, ಮಧ್ಯಾಹ್ನದವರು ಮುಗಿದ ಮೇಲಿನದು ಬರೆಯುತ್ತಾರೆ. ಮೈಯಿಂದ ನೀರು ತೆಗೆದ ಮೇಲೆ ಹಿಮೋಗ್ಲೋಬಿನ್ ಜಾಸ್ತಿಯೇ ತೋರಿಸುತ್ತದೆ.

ಕೆಲವು ಬಲೆಗಳಿವೆ. ಎಕ್ಸೆಲ್ 04-07 ಎಂದು ಬರೆದರೆ ಜುಲೈ 4 ಅಂದುಕೊಳ್ಳುತ್ತೋ ಏಪ್ರಿಲ್ 7 ಅಂದುಕೊಳ್ಳುತ್ತೋ ಆ ಕಂಪ್ಯೂಟರ್‌ನ ಸೆಟ್ಟಿಂಗ್ ಮೇಲೆ ಹೋಗುತ್ತದೆ. ತಿಂಗಳನ್ನು ಅಕ್ಷರದಲ್ಲಿ ತೋರಿಸುವ ಹಾಗೆ ಕಾಲಂ ಫಾರ್ಮ್ಯಾಟ್ ಮಾಡಿ. ಟೆಸ್ಟ್ ಮಾಡಿಲ್ಲ ಅಂದರೆ ‘ಮಾಡಿಲ್ಲ’ ಎಂದೇ ಬರೆಯಿರಿ. ಸೊನ್ನೆ ಹಾಕಬೇಡಿ, ಹಾಕಿದರೆ ಸರಾಸರಿ ಕುಸಿಯುತ್ತದೆ. ಖಾಲಿಯನ್ನೂ ಬಿಡಬೇಡಿ. ಟೆಸ್ಟೇ ಆಗಿಲ್ಲವೋ, ಆಗಿದ್ದು ಹತ್ತಿಸಿಲ್ಲವೋ ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಕಾರಣದ ಕಾಲಂನಲ್ಲಿ ಆರೇಳು ಆಯ್ಕೆಯ ಪಟ್ಟಿ ಕೊಡಿ: ಸಕ್ಕರೆ ಕಾಯಿಲೆ, ಬಿಪಿ, ಕಿಡ್ನಿ ಉರಿಯೂತ, ಕಲ್ಲು ಅಥವಾ ಮೂತ್ರದ ದಾರಿಯ ತಡೆ, ವಂಶದಿಂದ ಬಂದದ್ದು, ಬೇರೆ, ಗೊತ್ತಿಲ್ಲ. ‘ಗೊತ್ತಿಲ್ಲ’ ಎಂದು ಒಪ್ಪಿಕೊಳ್ಳಲು ಯಾರೂ ಮುಜುಗರ ಪಡಬಾರದು. ಕಿಡ್ನಿ ಕೆಟ್ಟ ಮೇಲೆ ಬಿಪಿ ಏರುವುದು ಸಹಜ. ಅದನ್ನು ನೋಡಿ ಬಿಪಿಯೇ ಕಾರಣ ಎಂದು ಬರೆಯುವ ಅಭ್ಯಾಸ ಎಲ್ಲ ಕಡೆಯೂ ಇದೆ. ನೋವಿನ ಮಾತ್ರೆ ವರ್ಷಗಟ್ಟಲೆ ತಿಂದರಾ, ನಾಟಿ ಔಷಧಿ ತಗೊಂಡರಾ ಎಂಬುದಕ್ಕೆ ಬೇರೆ ಎರಡು ಕಾಲಂ ಇರಲಿ. ಕೇಳುವಾಗ ಬೈಯುವ ದನಿ ಬೇಡ. ಬೈದರೆ ನಿಜ ಹೇಳುವುದಿಲ್ಲ.

5. ಅಳತೆ ಸರಿ ಇಲ್ಲದಿದ್ದರೆ ಲೆಕ್ಕವೂ ಸುಳ್ಳು

ಯಾವುದಾದರೂ ಘಟಕದ ಬಿಪಿ ಕಾಲಂ ತೆಗೆದು ನೋಡಿ: 130/80, 140/90, 130/80, 150/90. ಹತ್ತರ ಮಗ್ಗಿಯ ಹಾಗೆ ಎಲ್ಲವೂ ಸೊನ್ನೆಯಲ್ಲೇ ಮುಗಿದಿರುತ್ತವೆ. ಅಂದಾಜಿನಲ್ಲಿ ಬರೆದದ್ದು ಅಂತ ಅರ್ಥ. ಪಕ್ಕದ ಕಾಲಂನಲ್ಲಿ ಡಯಾಲಿಸಿಸ್ ಮುಗಿದ ಮೇಲಿನ ತೂಕ ಎಲ್ಲ ದಿನವೂ ಡ್ರೈ ವೇಟ್‌ಗೆ ಸರಿಯಾಗಿ ಹೊಂದುತ್ತಿದ್ದರೆ ತಕ್ಕಡಿ ಹತ್ತಿಸಿಯೇ ಇಲ್ಲ. ಡ್ರೈ ವೇಟ್ ಅಂದರೆ ಮೈಯಲ್ಲಿ ಹೆಚ್ಚಿನ ನೀರೆಲ್ಲ ಹೋದ ಮೇಲೆ ಇರಬೇಕಾದ ತೂಕ. ಯಾರ ಮೇಲೂ ರೇಗಬೇಡಿ. ಮೂರು ಶಿಫ್ಟ್, ಇಬ್ಬರೇ ಸ್ಟಾಫ್ ಇರುವ ಕಡೆ ಇದು ಆಗುತ್ತದೆ. ತಕ್ಕಡಿಯನ್ನು ಬಾಗಿಲ ಪಕ್ಕ ಇಡಿ, ಚಪ್ಪಲಿ ಬಿಟ್ಟು ಹತ್ತಲು ಹೇಳಿ, ತೂಕ ನೋಡಿ ಬರೆಯುವ ಕೆಲಸವನ್ನು ರೋಗಿಗೇ ಅಥವಾ ಜೊತೆ ಬಂದವರಿಗೇ ಒಂದು ಚೀಟಿ ಕೊಟ್ಟು ವಹಿಸಿ.

ಡಯಾಲಿಸಿಸ್ ಸಾಕಷ್ಟು ಆಯಿತಾ ಎಂದು ತಿಳಿಯಲು ಸುಲಭದ ಲೆಕ್ಕ ಯುಆರ್‌ಆರ್. ಒಂದು ಸಲದ ಡಯಾಲಿಸಿಸ್‌ನಲ್ಲಿ ರಕ್ತದ ಯೂರಿಯಾ ಶೇಕಡಾ ಎಷ್ಟು ಇಳಿಯಿತು ಎಂಬುದೇ ಅದು. ಮುಂಚೆ 140 ಇತ್ತು, ನಂತರ 49 ಆಯಿತು ಅನ್ನಿ. ಇಳಿದದ್ದು 91. 91ನ್ನು 140ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 65. ಶೇ. 65 ಕನಿಷ್ಠ ಗಡಿ. ದೊಡ್ಡ ಆಸ್ಪತ್ರೆಯವರು ಹೇಳುವ ಕೆಟಿ ಬೈ ವಿ ಕೂಡ ಇದನ್ನೇ ಇನ್ನೂ ಸೂಕ್ಷ್ಮವಾಗಿ ಅಳೆಯುತ್ತದೆ. ತೆಗೆದ ನೀರನ್ನೂ, ಹೊತ್ತನ್ನೂ ಲೆಕ್ಕಕ್ಕೆ ಸೇರಿಸುತ್ತದೆ. ಅದರಲ್ಲಿ ಕನಿಷ್ಠ 1.2, ಗುರಿ 1.4.

ಇಲ್ಲಿ ಎರಡು ಎಚ್ಚರಿಕೆ. ಮೊದಲನೆಯದು ರಕ್ತ ತೆಗೆಯುವ ರೀತಿ. ಡಯಾಲಿಸಿಸ್ ಮುಗಿಯುವಾಗ ಪಂಪ್ ಪೂರಾ ವೇಗದಲ್ಲಿ ಓಡುತ್ತಿರುವಾಗಲೇ ಸ್ಯಾಂಪಲ್ ಎಳೆದರೆ, ಆಗಷ್ಟೇ ಶುದ್ಧವಾದ ರಕ್ತ ಅದರಲ್ಲಿ ಬೆರೆತು ಯೂರಿಯಾ ತೀರಾ ಕಡಿಮೆ ತೋರಿಸಬಹುದು. ಪಂಪನ್ನು ನಿಮಿಷಕ್ಕೆ 100 ಮಿಲಿಗೆ ಇಳಿಸಿ, 15 ಸೆಕೆಂಡ್ ಕಾದು, ಆರ್ಟೀರಿಯಲ್ ಲೈನ್‌ನಿಂದ (ಮೈಯಿಂದ ಮೆಷಿನ್‌ಗೆ ರಕ್ತ ತರುವ ಪೈಪ್) ತೆಗೆಯಿರಿ. ಎಲ್ಲ ಶಿಫ್ಟಿನಲ್ಲೂ ಹೀಗೇ. ಎರಡನೆಯದು, ಈ 1.2, 1.4 ಎಲ್ಲ ವಾರಕ್ಕೆ ಮೂರು ಸಲ ಬರುವವರಿಗೆ ಮಾಡಿದ ಗಡಿ. ನಮ್ಮಲ್ಲಿ ವಾರಕ್ಕೆ ಎರಡೇ ಸಲ ಬರುವವರು ತುಂಬಾ ಜನ. ಅವರ ಅಂಕಿ 1.3 ಬಂತು ಅಂತ ಹಸಿರು ಬಣ್ಣ ಹಚ್ಚಿಬಿಟ್ಟರೆ ಮೋಸ ಹೋದ ಹಾಗೆ. ವಾರಕ್ಕೆ ಎಷ್ಟು ಸಲ ಎಂಬ ಕಾಲಂ ಇಲ್ಲದೆ ಯುಆರ್‌ಆರ್ ಕಾಲಂ ಇಟ್ಟುಕೊಳ್ಳಲೇಬೇಡಿ.

6. ಫಿಸ್ಟುಲಾ ಮತ್ತು ಕ್ಯಾಥೆಟರ್

ಮೊದಲು ಸುಧಾರಿಸಬಹುದಾದ ವಿಷಯ ಇದೇ ಎಂದು ನನಗನ್ನಿಸುತ್ತದೆ. ಫಿಸ್ಟುಲಾ ಅಂದರೆ ಕೈಯ ಅಪಧಮನಿ ಮತ್ತು ಅಭಿಧಮನಿಯನ್ನು ಚಿಕ್ಕ ಸರ್ಜರಿಯಲ್ಲಿ ಜೋಡಿಸುವುದು. ರಕ್ತನಾಳ ದಪ್ಪವಾಗಿ ಸೂಜಿ ಹಾಕಲು ಬರಲು ಒಂದೂವರೆ ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೆ ಕತ್ತಿನಲ್ಲಿ ಪೈಪ್. ಆ ಪೈಪ್ ಹೆಚ್ಚು ದಿನ ಇದ್ದಷ್ಟೂ ಸೋಂಕಿನ ಭಯ ಜಾಸ್ತಿ.

ನಿಮ್ಮ ಹಾಳೆಯಲ್ಲಿ ಈಗ ಮೂರು ದಿನಾಂಕಗಳಿವೆ: ಮೊದಲ ಡಯಾಲಿಸಿಸ್, ಸರ್ಜರಿ, ಮೊದಲ ಸೂಜಿ. ಮೊದಲೆರಡರ ನಡುವೆ ಅಂತರ ಜಾಸ್ತಿ ಇದ್ದರೆ ತೊಂದರೆ ಇರುವುದು ಚೀಟಿ ಬರೆದು ಮೈಸೂರಿಗೋ ಬೆಂಗಳೂರಿಗೋ ಕಳಿಸುವಲ್ಲಿ. ಕಳಿಸಿದಿರಿ, ಆದರೆ ಅವರು ಹೋದರಾ? ಜೊತೆಗೆ ಯಾರಿದ್ದರು? ಸರ್ಜರಿಗೂ ಮೊದಲ ಸೂಜಿಗೂ ನಡುವೆ ಅಂತರ ಜಾಸ್ತಿ ಇದ್ದರೆ ಒಂದೋ ಫಿಸ್ಟುಲಾ ಬಲಿಯಲಿಲ್ಲ, ಇಲ್ಲವೇ ಬಲಿತ ಫಿಸ್ಟುಲಾಗೆ ಸೂಜಿ ಹಾಕಲು ಸ್ಟಾಫ್‌ಗೆ ಧೈರ್ಯ ಸಾಲದು. ಎರಡಕ್ಕೂ ಮದ್ದು ಬೇರೆ ಬೇರೆ. ಬರೀ ‘ಶೇ. 50 ಜನಕ್ಕೆ ಕ್ಯಾಥೆಟರ್’ ಎಂಬ ಅಂಕಿಯಿಂದ ಇದು ಗೊತ್ತಾಗುವುದೇ ಇಲ್ಲ.

ಸೋಂಕನ್ನು ಎಣಿಸುವಾಗ ‘ಈ ತಿಂಗಳು ಎರಡು’ ಎಂದರೆ ಸಾಲದು. 1000 ಕ್ಯಾಥೆಟರ್ ದಿನಕ್ಕೆ ಎಷ್ಟು ಎಂದು ನೋಡಿ. ಎಂಟು ಜನಕ್ಕೆ 30 ದಿನವೂ ಕ್ಯಾಥೆಟರ್ ಇತ್ತು ಅಂದರೆ 240 ಕ್ಯಾಥೆಟರ್ ದಿನ. ಅದರಲ್ಲಿ ಎರಡು ಸೋಂಕು ಅಂದರೆ ಸಾವಿರಕ್ಕೆ 8.3. ಮುಂದಿನ ತಿಂಗಳು ಹದಿನಾರು ಜನಕ್ಕೆ ಕ್ಯಾಥೆಟರ್ ಇದ್ದೂ ಎರಡೇ ಸೋಂಕು ಬಂದರೆ ನಿಮ್ಮ ಕೈ ತೊಳೆಯುವ, ಡ್ರೆಸ್ಸಿಂಗ್ ಮಾಡುವ ರೀತಿ ಸುಧಾರಿಸಿರಬಹುದು. ಆದರೆ ಒಂದೇ ತಿಂಗಳ ಅಂಕಿ ನೋಡಿ ಹಿಗ್ಗಬೇಡಿ.

ಇನ್ನೊಂದು ಮಾತು. ಕಿಡ್ನಿ ಕಾಯಿಲೆ ಮುಂದುವರಿದವರ ಎಡಗೈಯನ್ನು ಉಳಿಸಿ. ಎಡಗೈ ಬಳಸುವವರಾದರೆ ಬಲಗೈ. ಡ್ರಿಪ್ ಹಾಕಲು, ರಕ್ತ ತೆಗೆಯಲು ಆ ಕೈಗೆ ಚುಚ್ಚಿದರೆ ಫಿಸ್ಟುಲಾಗೆ ನಾಳವೇ ಉಳಿದಿರುವುದಿಲ್ಲ. ವಾರ್ಡಿನ ಸಿಸ್ಟರ್‌ಗಳಿಗೆ ಇದನ್ನು ಹೇಳಬೇಕಾದವರು ಡಯಾಲಿಸಿಸ್‌ನವರೇ.

7. ತಿಂಗಳಿಗೊಮ್ಮೆ ಕೂರುವುದು

ಇದನ್ನು ಬಿಟ್ಟರೆ ಮೇಲಿನದೆಲ್ಲ ಸುಮ್ನೆ. ತಿಂಗಳ ಎರಡನೇ ವಾರದಲ್ಲಿ ಒಂದು ದಿನ ಗೊತ್ತು ಮಾಡಿ. ಡಾಕ್ಟರ್, ಸಿಸ್ಟರ್, ಟೆಕ್ನಿಷಿಯನ್ ಜೊತೆ ಆಯಾ ಕೂಡ ಕೂರಬೇಕು. ಯಾರ ಮನೆಯಲ್ಲಿ ಏನು ನಡೆದಿದೆ ಎಂಬುದು ಆಯಾಗೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಅರ್ಧ ಗಂಟೆ ಸಾಕು.

ಸರಾಸರಿಯಿಂದ ಶುರು ಮಾಡಬೇಡಿ. ಯಾಕೆ ಅಂತ ಹೇಳುತ್ತೇನೆ. 40 ಜನ ಇದ್ದಾರೆ ಅಂದುಕೊಳ್ಳಿ. 36 ಜನರ ಹಿಮೋಗ್ಲೋಬಿನ್ 9.5 ಗ್ರಾಂ, ನಾಲ್ವರದು 6. ಸರಾಸರಿ 9.15. ಆ ನಾಲ್ವರೂ ಮುಂದಿನ ತಿಂಗಳು ಬರಲೇ ಇಲ್ಲ. ಸರಾಸರಿ 9.5ಕ್ಕೆ ಏರಿತು! ಯಾರಿಗೂ ಒಂದು ಹನಿ ರಕ್ತ ಹೆಚ್ಚಾಗಿಲ್ಲ. ನಾಲ್ಕು ಜನ ಕಾಣೆಯಾಗಿದ್ದನ್ನು ಲೆಕ್ಕ ಸುಧಾರಣೆ ಎಂದು ತೋರಿಸಿತು.

ಆದ್ದರಿಂದ ಮೊದಲು ಹೆಸರಿನ ಪಟ್ಟಿ ಓದಿ: ಹೋದ ತಿಂಗಳು ಇದ್ದು ಈ ತಿಂಗಳು ಇಲ್ಲದವರು ಯಾರು? ಪ್ರತಿಯೊಬ್ಬರಿಗೂ ಒಂದು ಉತ್ತರ ಬೇಕು. ತೀರಿಕೊಂಡರು, ಬೇರೆ ಘಟಕಕ್ಕೆ ಹೋದರು, ಕಿಡ್ನಿ ಕಸಿ ಆಯಿತು, ಕಿಡ್ನಿ ಚೇತರಿಸಿತು, ಚಿಕಿತ್ಸೆ ಸಾಕು ಎಂದು ಮನೆಯವರೇ ನಿಲ್ಲಿಸಿದರು, ಅಥವಾ ಇನ್ನೂ ಗೊತ್ತಾಗಿಲ್ಲ. ಗೊತ್ತಾಗದವರಿಗೆ ಅವತ್ತೇ ಫೋನ್. ಫೋನ್ ಸಿಗದಿದ್ದರೆ ಆಶಾಗೆ.

ಆಮೇಲೆ ಬಂದರೂ ಸರದಿ ತಪ್ಪಿಸುವವರು. ವಾರಕ್ಕೆ ಮೂರು ಸಲ ಬರುವವರಲ್ಲೂ ಎರಡು ದಿನದ ಅಂತರ ಬಿದ್ದ ಮೇಲೆ ಸಾವಿನ ಅಪಾಯ ಹೆಚ್ಚು ಎಂಬುದು ಅಮೆರಿಕದ ರೋಗಿಗಳ ದಾಖಲೆಗಳಿಂದಲೇ ಗೊತ್ತಾದ ಸಂಗತಿ. ಸರದಿ ತಪ್ಪಿಸಿದ ಕಾರಣವನ್ನೂ ಕೋಡ್ ಮಾಡಿ: ಬಸ್ಸಿಲ್ಲ, ಜೊತೆಗೆ ಬರುವವರಿಲ್ಲ, ದುಡ್ಡಿಲ್ಲ, ಹಬ್ಬ, ಜ್ವರ, ಮೆಷಿನ್ ಕೆಟ್ಟಿತ್ತು. ಕೊನೆಯದು ನಿಮ್ಮ ಕಡೆಯ ತಪ್ಪು. ಅದನ್ನೂ ನಿಜವಾಗಿ ಬರೆಯಬೇಕು. ನಮ್ಮ ಕಡೆ ಯುಗಾದಿಯ ಮಾರನೇ ದಿನ ಹೊಸತೊಡಕು, ಪಿತೃಪಕ್ಷದ ಎಡೆ, ಊರಿನ ಮಾರಿಹಬ್ಬ ಇವೆಲ್ಲ ಬಂದಾಗ ಕುರ್ಚಿಗಳು ಖಾಲಿ ಹೊಡೆಯುತ್ತವೆ. ಊಟ ಜೋರು, ಡಯಾಲಿಸಿಸ್ ಇಲ್ಲ, ನೀರು ಮತ್ತು ಪೊಟ್ಯಾಸಿಯಂ ಎರಡೂ ಏರುತ್ತವೆ. ಹಬ್ಬದ ದಿನ ಬನ್ನಿ ಎಂದು ಒತ್ತಾಯಿಸಿ ಪ್ರಯೋಜನ ಇಲ್ಲ. ಹಬ್ಬದ ಹಿಂದಿನ ದಿನಕ್ಕೆ ಸರದಿ ಬದಲಾಯಿಸಿ ಕೊಡಿ, ಅದಕ್ಕೆ ಎರಡು ವಾರ ಮುಂಚೆಯೇ ಪಟ್ಟಿ ಮಾಡಿ.

ಮೂರನೆಯದಾಗಿ ಗಡಿಯ ಹೊರಗಿರುವವರ ಹೆಸರು. ಹಿಮೋಗ್ಲೋಬಿನ್ ಸಾಮಾನ್ಯವಾಗಿ 10ರಿಂದ 11.5 ಗ್ರಾಂ ನಡುವೆ ಇರಲಿ ಎಂದು ನೋಡುತ್ತಾರೆ. ಎರಿತ್ರೋಪೊಯೆಟಿನ್ (ರಕ್ತ ಹೆಚ್ಚಿಸುವ) ಇಂಜೆಕ್ಷನ್ ಕೊಟ್ಟು 13 ದಾಟಿಸುವುದು ಒಳ್ಳೆಯದಲ್ಲ, ಪಾರ್ಶ್ವವಾಯುವಿನ ಅಪಾಯ ಇದೆ. ಕಡಿಮೆ ಇದ್ದರೆ ಡೋಸ್ ಏರಿಸುವ ಮುಂಚೆ ಕಬ್ಬಿಣದ ಮಟ್ಟ ನೋಡಿದ್ದೀರಾ, ಇಂಜೆಕ್ಷನ್ ನಿಜಕ್ಕೂ ಕೊಟ್ಟಿದೆಯಾ ಎಂದು ಕೇಳಿ. ಸ್ಟಾಕ್ ಇರಲಿಲ್ಲ ಎಂಬ ಉತ್ತರ ಬರುವುದೂ ಉಂಟು. ಅಂಥದ್ದನ್ನು ಮೂರು ತಿಂಗಳ ಅಂಕಿ ಸಮೇತ ಮೇಲಿನವರಿಗೆ ಬರೆದರೆ ಬಾಯಿಮಾತಿನ ದೂರಿಗಿಂತ ಬೇಗ ಕೆಲಸ ಆಗುತ್ತದೆ.

ಲಸಿಕೆಯ ಪಟ್ಟಿ ತೀರಾ ಸುಲಭ. ಡಯಾಲಿಸಿಸ್ ರೋಗಿಗಳಿಗೆ ಹೆಪಟೈಟಿಸ್ ಬಿ ಲಸಿಕೆ ಮಾಮೂಲಿಗಿಂತ ಎರಡು ಪಟ್ಟು, 40 ಮೈಕ್ರೋಗ್ರಾಂ, 0, 1, 2 ಮತ್ತು 6ನೇ ತಿಂಗಳಲ್ಲಿ ಕೊಡುವುದು ರೂಢಿ. ಆರನೇ ತಿಂಗಳ ಡೋಸೇ ಹೆಚ್ಚಾಗಿ ಮರೆತುಹೋಗುವುದು. ಮುಗಿದ ಮೇಲೆ ಒಂದೆರಡು ತಿಂಗಳಲ್ಲಿ ರಕ್ಷಣೆ ಬಂತಾ ಎಂದು ರಕ್ತ ನೋಡಬೇಕು, 10 ಯೂನಿಟ್ ದಾಟಿರಬೇಕು. ದಿನಾಂಕದ ಕಾಲಂ ಇದ್ದರೆ ಯಾರ ಡೋಸ್ ಬಾಕಿ ಎಂದು ಎಕ್ಸೆಲ್ ತಾನೇ ಬಣ್ಣ ಬದಲಿಸಿ ತೋರಿಸುವ ಹಾಗೆ ಮಾಡಬಹುದು.

8. ಒಂದು ಸಲಕ್ಕೆ ಒಂದೇ ಬದಲಾವಣೆ

ಐದೂ ಅಂಕಿ ಕೆಟ್ಟದಿದ್ದರೂ ಒಂದನ್ನೇ ಹಿಡಿಯಿರಿ. ಏನು ಬದಲಾಯಿಸಿದಿರಿ, ಯಾವ ದಿನದಿಂದ ಎಂದು ಬರೆದಿಡಿ. ಒಂದು ಗ್ರಾಫ್ ಹಾಳೆಯಲ್ಲಿ ತಿಂಗಳಿಗೊಂದು ಚುಕ್ಕಿ ಇಡಿ, ನಡುವಿನ ಬೆಲೆಗೆ ಅಡ್ಡಗೆರೆ ಎಳೆಯಿರಿ. ನಡುವಿನ ಬೆಲೆ ಅಂದರೆ ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ಮಧ್ಯದಲ್ಲಿ ಬರುವುದು. ಬದಲಾವಣೆಯ ನಂತರ ಸತತ ಆರು ಚುಕ್ಕಿ ಗೆರೆಯ ಒಂದೇ ಬದಿಗೆ ಬಿದ್ದರೆ ನಿಜಕ್ಕೂ ಏನೋ ಬದಲಾಗಿದೆ ಅನ್ನಬಹುದು. ಎರಡು ಮೂರು ಚುಕ್ಕಿಗೆ ಅರ್ಥ ಕಟ್ಟಬೇಡಿ. 40 ಜನರ ಘಟಕದಲ್ಲಿ ಇಬ್ಬರು ಆಚೀಚೆ ಆದರೂ ಶೇ. 5 ಏರುಪೇರಾಗುತ್ತದೆ.

ಪಕ್ಕದ ತಾಲ್ಲೂಕಿನ ಜೊತೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಹೋಲಿಸಿ, ಆದರೆ ರೋಗಿಗಳ ವಯಸ್ಸು, ಸಕ್ಕರೆ ಕಾಯಿಲೆ ಇರುವವರ ಪಾಲು, ವಾರಕ್ಕೆ ಎಷ್ಟು ಸಲ ಬರುತ್ತಾರೆ ಎಂಬುದನ್ನು ಪಕ್ಕದಲ್ಲಿಟ್ಟುಕೊಂಡೇ ಹೋಲಿಸಿ. ವಯಸ್ಸಾದವರನ್ನೂ ತಗೊಳ್ಳುವ ಘಟಕದಲ್ಲಿ ಸಾವು ಜಾಸ್ತಿ ಕಾಣುವುದು ಸಹಜ. ಈ ಅಂಕಿ ಹಿಡಿದು ಮೇಲಿನವರು ಸ್ಟಾಫ್‌ಗೆ ನೋಟಿಸ್ ಕೊಡಲು ಶುರು ಮಾಡಿದರೆ, ಮುಂದಿನ ತಿಂಗಳಿಂದ ಎಲ್ಲ ಅಂಕಿಯೂ ಚೆನ್ನಾಗಿಯೇ ಬರುತ್ತವೆ. ಕಾಗದದಲ್ಲಿ ಮಾತ್ರ.

9. ಡಯಾಲಿಸಿಸ್ ಇಲ್ಲದ ಪಿಎಚ್‌ಸಿಯವರಿಗೆ (ಪ್ರಾಥಮಿಕ ಆರೋಗ್ಯ ಕೇಂದ್ರ)

“ನಮ್ಮಲ್ಲಿ ಮೆಷಿನ್ ಇಲ್ಲ, ನಮಗೇನು?” ಎಂದು ಕೇಳುವವರಿಗೆ. ಶುಗರ್, ಬಿಪಿ ಪೇಷೆಂಟ್‌ಗಳ ಪಟ್ಟಿ ಎನ್‌ಸಿಡಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ) ಕ್ಲಿನಿಕ್‌ನಲ್ಲಿ ಆಗಲೇ ಇದೆ ಅಲ್ವಾ? ಅದಕ್ಕೆ ನಾಲ್ಕು ಕಾಲಂ ಸೇರಿಸಿ: ಕೊನೆಯ ಕ್ರಿಯಾಟಿನಿನ್ (ಕಿಡ್ನಿ ಕೆಟ್ಟರೆ ರಕ್ತದಲ್ಲಿ ಏರುವ ಕಸ) ಪರೀಕ್ಷೆಯ ದಿನಾಂಕ, ಇಜಿಎಫ್‌ಆರ್, ಮೂತ್ರದ ಅಲ್ಬುಮಿನ್ (ಸೋರಿಹೋಗುವ ಪ್ರೋಟೀನ್), ನೋವಿನ ಮಾತ್ರೆ ತಿನ್ನುತ್ತಾರಾ. ಇಜಿಎಫ್‌ಆರ್ ಅಂದರೆ ಕ್ರಿಯಾಟಿನಿನ್, ವಯಸ್ಸು, ಲಿಂಗ ಹಾಕಿ ಲೆಕ್ಕ ಮಾಡುವ ಕಿಡ್ನಿಯ ಸೋಸುವ ಶಕ್ತಿ. 60ಕ್ಕಿಂತ ಕಡಿಮೆ, ಅಥವಾ ಮೂತ್ರದಲ್ಲಿ ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂ ಇಲ್ಲವೇ ಹೆಚ್ಚು ಅಲ್ಬುಮಿನ್, ಇವುಗಳಲ್ಲಿ ಯಾವುದೇ ಒಂದು ಮೂರು ತಿಂಗಳ ಮೇಲೂ ಹಾಗೇ ಇದ್ದರೆ ಅದು ದೀರ್ಘಕಾಲದ ಕಿಡ್ನಿ ಕಾಯಿಲೆ. ಒಂದೇ ಸಲದ ರಿಪೋರ್ಟ್ ನೋಡಿ ಹೆಸರು ಹಚ್ಚಬೇಡಿ, ಮತ್ತೆ ಮಾಡಿಸಿ. 30ಕ್ಕಿಂತ ಕೆಳಗೆ ಇಳಿದವರನ್ನು ಕಿಡ್ನಿ ಡಾಕ್ಟರ್ ಹತ್ತಿರ ಕಳಿಸಲೇಬೇಕು.

ಇಲ್ಲಿ ಎಲ್ಲಕ್ಕಿಂತ ಕೆಲಸಕ್ಕೆ ಬರುವ ಪಟ್ಟಿ ಯಾವುದು ಗೊತ್ತಾ? ಒಂದು ವರ್ಷದಿಂದ ಮೂತ್ರ ಪರೀಕ್ಷೆಯೇ ಆಗದ ಸಕ್ಕರೆ ರೋಗಿಗಳದು. ಕ್ರಿಯಾಟಿನಿನ್ ಏರುವುದಕ್ಕೆ ಎಷ್ಟೋ ಮುಂಚೆ ಮೂತ್ರದಲ್ಲಿ ಅಲ್ಬುಮಿನ್ ಕಾಣಿಸಿಕೊಳ್ಳುತ್ತದೆ. ಆ ಹೊತ್ತಿಗೆ ಹಿಡಿದರೆ ಮಾತ್ರೆಗಳಿಂದ ಡಯಾಲಿಸಿಸನ್ನು ವರ್ಷಗಟ್ಟಲೆ ಮುಂದೂಡಬಹುದು.

10. ಗುಟ್ಟು ಕಾಯುವುದು

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಇದೆ. ಎಚ್‌ಐವಿ ಇರುವವರ ವಿಷಯ ಬಯಲು ಮಾಡುವುದನ್ನು 2017ರ ಎಚ್‌ಐವಿ ಕಾಯ್ದೆ ಬೇರೆಯೇ ತಡೆಯುತ್ತದೆ. ಕಾಯ್ದೆ ಹಾಗಿರಲಿ, ನಮ್ಮ ಊರುಗಳಲ್ಲಿ ಒಬ್ಬರ ರಿಪೋರ್ಟ್ ವಾಟ್ಸಾಪ್ ಗ್ರೂಪಿಗೆ ಬಿದ್ದರೆ ಸಂಜೆಯೊಳಗೆ ಅರಳಿಕಟ್ಟೆಗೆ ಬಂದಿರುತ್ತದೆ.

ಸೇರಿಸುವ ಮುಂಚೆ ರೋಗಿಗೆ ಕನ್ನಡದಲ್ಲಿ ಹೇಳಿ: ಏನು ಬರೆಯುತ್ತೇವೆ, ಯಾಕೆ, ಯಾರು ನೋಡುತ್ತಾರೆ. ಬೇಡ ಅಂದರೆ ಚಿಕಿತ್ಸೆಗೇನೂ ತೊಂದರೆ ಇಲ್ಲ ಎಂದೂ ಹೇಳಿ, ಒಪ್ಪಿಗೆಯ ಸಹಿ ಅಥವಾ ಹೆಬ್ಬೆಟ್ಟು ತಗೊಳ್ಳಿ. ಹೆಸರು, ಫೋನ್, ವಿಳಾಸ ಒಂದು ಫೈಲ್‌ನಲ್ಲಿ, ಕಾಯಿಲೆಯ ವಿವರ ಬರೀ ನಂಬರ್ ಹಾಕಿದ ಇನ್ನೊಂದು ಫೈಲ್‌ನಲ್ಲಿ ಇರಲಿ. ಪರದೆಯ ಫೋಟೋ ತೆಗೆದು ಕಳಿಸುವುದು ಪೂರ್ತಿ ಬಂದ್. ಗೋಡೆಗೆ ಅಂಟಿಸುವ ಗ್ರಾಫ್‌ನಲ್ಲಿ ಒಬ್ಬರ ಹೆಸರೂ ಬೇಡ. ನಿಮ್ಮ ಘಟಕದ ಸುಧಾರಣೆಗೆ ಈ ಅಂಕಿ ಬಳಸುವುದು ಒಂದು. ಪೇಪರ್ ಬರೆಯಲು, ಸಮ್ಮೇಳನದಲ್ಲಿ ಹೇಳಲು ಬಳಸುವುದು ಇನ್ನೊಂದು. ಅದಕ್ಕೆ ನೀತಿ ಸಮಿತಿಯ ಅನುಮತಿ ಮುಂಚೆಯೇ ಬೇಕು. ಮೈಸೂರು, ಮಂಡ್ಯದ ವೈದ್ಯಕೀಯ ಕಾಲೇಜುಗಳಲ್ಲಿ ಅಂಥ ಸಮಿತಿ ಇರುತ್ತದೆ, ಅಲ್ಲಿನ ಸಮುದಾಯ ವೈದ್ಯಕೀಯ ವಿಭಾಗದವರನ್ನು ಮೊದಲು ಕೇಳಿ.

11. ವರ್ಗಾವಣೆಗೆ ಮುಂಚೆ

ಗುತ್ತಿಗೆಯ ಟೆಕ್ನಿಷಿಯನ್ ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು, ಡಾಕ್ಟರ್‌ಗೆ ವರ್ಗ ಆಗಬಹುದು. ರಿಜಿಸ್ಟ್ರಿ ಸಾಯುವುದು ಹೆಚ್ಚಾಗಿ ಆಗಲೇ. ಕಾಲಂಗಳ ನಿಯಮದ ಹಾಳೆ, ಕೋಡ್ ಪಟ್ಟಿ, ತಿಂಗಳ ಸಭೆಯ ಪುಸ್ತಕ ಮೂರನ್ನೂ ಒಂದೇ ಫೋಲ್ಡರ್‌ನಲ್ಲಿಡಿ. ಪಾಸ್‌ವರ್ಡ್ ಮುಚ್ಚಿದ ಲಕೋಟೆಯಲ್ಲಿ ಮುಖ್ಯ ವೈದ್ಯಾಧಿಕಾರಿಯ ಬೀರುವಿನಲ್ಲಿರಲಿ. ಪ್ರತಿ ಶನಿವಾರ ಒಂದು ಬ್ಯಾಕಪ್, ಅದೂ ಪಾಸ್‌ವರ್ಡ್ ಹಾಕಿದ್ದೇ. ಹೊಸಬರು ಬಂದ ದಿನ ಹಳಬರು ಪಕ್ಕದಲ್ಲಿ ಕೂತು ಐದು ರೋಗಿಗಳ ಸಾಲನ್ನು ಅವರ ಕೈಯಿಂದಲೇ ತುಂಬಿಸಲಿ, ಕೇಸ್ ಶೀಟ್ ಜೊತೆ ಹೋಲಿಸಿ ನೋಡಲಿ. ಐದರಲ್ಲಿ ಎರಡು ಕಡೆ ವ್ಯತ್ಯಾಸ ಬಂದರೆ ಹೊಸಬರನ್ನು ದೂರುವ ಮುಂಚೆ ನಿಯಮದ ಹಾಳೆಯನ್ನು ಇನ್ನೊಮ್ಮೆ ಓದಿ, ಬರೆದದ್ದೇ ಗೊಂದಲವಾಗಿರುತ್ತದೆ.